ಕಾಮಣಿ ಇಲ್ಲದವರ ಕೈಯನ್ನೂ ತೊಳೆದು ನೋಡಿ

ಗಡಹಿಂಗ್ಲಜದ ಮಾರುಕಟ್ಟೆ ಸಮಿತಿಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಲಿಲಾವು ನಡೆಯುವ ದಿನ ಅಡತಿ ಅಂಗಡಿಗಳ ಮುಂದೆ ಸುಮ್ಮನೆ ಹಾದುಹೋದರೂ ಸಾಕು, ಗಂಟಲು ಕೆರೆದು ಕೆಮ್ಮು ಬರುತ್ತದೆ. ಕಾಯಿಯ ಹೆಸರು ಕರ್ನಾಟಕದ ಊರಿನದು, ಪೇಟೆ ಮಹಾರಾಷ್ಟ್ರದ್ದು, ಕೊಳ್ಳುವವರ ಮತ್ತು ಮಾರುವವರ ಬಾಯಲ್ಲಿ ಎರಡೂ ಭಾಷೆ. ಉದ್ದ, ಸಣಕಲು, ಜವಾರಿ ಕಾಯಿ. ಕೊಲ್ಹಾಪುರದ ತಾಂಬಡಾ ರಸ್ಸಾಕ್ಕೂ ಕಾಂದಾ-ಲಸೂಣ ಚಟ್ನಿಗೂ ಇದೇ ಬೇಕು ಎಂದು ಹಟ ಹಿಡಿಯುವ ಮನೆಗಳಿವೆ.

ಈ ಮೆಣಸಿನಕಾಯಿಯ ಬಗ್ಗೆ ಈ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು: 'ಖಾರ ತಿಂದು ತಿಂದೇ ಹೊಟ್ಟ್ಯಾಗ ಅಲ್ಸರ್ ಆತ್ರಿ.' ಇನ್ನೊಂದು: 'ನಮ್ಮ ಆಯಿ ದಿನಾ ರೊಟ್ಟಿ ಮ್ಯಾಲ ಕೆಂಪ ಖಾರ ಹಾಕ್ಕೊಂಡು ತಿಂದು ತೊಂಬತ್ತ ವರ್ಷ ಬದುಕಿದ್ಳು.' ಕೆಲವೊಮ್ಮೆ ಎರಡನ್ನೂ ಒಬ್ಬರೇ ಹೇಳುತ್ತಾರೆ, ಒಂದೇ ಊಟದಲ್ಲಿ. ನಾವು ನಗಬಹುದು, ಆದರೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಬರುವ ಅರ್ಧಕ್ಕರ್ಧ ಮಾತು ಇದೇ ಜಾತಿಯದು. ಇಂಥದ್ದನ್ನು ತಿಂದರು, ಇಂಥದ್ದು ಆಯಿತು. ತಿನ್ನದವರಿಗೆ ಏನಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ.

ಅಲ್ಸರ್ ವಿಷಯದಲ್ಲಿ ವೈದ್ಯರೇ ಬಹಳ ಕಾಲ ಮೊದಲ ಮಾತಿನ ಪಕ್ಷದಲ್ಲಿದ್ದರು. ಖಾರ, ಚಿಂತೆ, ಆಮ್ಲ ಎಂದು ಹೇಳಿ ಸಪ್ಪೆ ಊಟ ಬರೆದುಕೊಡುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಿಂದ ತೆಗೆದ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಇಂದು ಅದರ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಠರದ ಹುಣ್ಣಿಗೆ ದೊಡ್ಡ ಕಾರಣಗಳು ಎರಡು ಎಂದು ಈಗ ಗೊತ್ತು: ಈ ಬ್ಯಾಕ್ಟೀರಿಯಾ, ಮತ್ತು ನಾವು ಸೊಂಟನೋವು, ತಲೆನೋವು ಎಂದು ನುಂಗುವ ಕೆಲವು ನೋವಿನ ಗುಳಿಗೆಗಳು.

ಹಾಗಾದರೆ ಖಾರ ತಿಂದಾಗ ಉರಿದದ್ದು ಸುಳ್ಳೇ? ಸುಳ್ಳಲ್ಲ. ಇರುವ ಹುಣ್ಣಿಗೆ ಖಾರ ತಾಗಿದರೆ ಉರಿಯುತ್ತದೆ, ಬಿಟ್ಟರೆ ಉರಿ ತಗ್ಗುತ್ತದೆ. ಉರಿ ತಗ್ಗಿತು, ಆದ್ದರಿಂದ ಹುಣ್ಣು ಖಾರದಿಂದಲೇ ಆಗಿತ್ತು ಎಂದು ಮುಂದಕ್ಕೆ ಜಿಗಿಯುತ್ತೇವಲ್ಲ, ತಪ್ಪು ಅಲ್ಲಿದೆ. ಕೆದಕುವುದು ಬೇರೆ, ಹುಟ್ಟಿಸುವುದು ಬೇರೆ.

ಇದರಲ್ಲಿ ಇನ್ನೊಂದು ತಿರುವು ಇದೆ, ನನಗೆ ಬಹಳ ಇಷ್ಟವಾದದ್ದು. 1995ರಲ್ಲಿ ಸಿಂಗಪುರದಿಂದ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಸರ್ ಇದ್ದವರು ಮೆಣಸಿನಕಾಯಿ ಕಡಿಮೆ ತಿನ್ನುತ್ತಿದ್ದರು, ಇಲ್ಲದವರು ಹೆಚ್ಚು. ಖಾರವೇ ಹೊಟ್ಟೆಯನ್ನು ಕಾಪಾಡುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಆದರೆ ಹೊಟ್ಟೆ ಉರಿಯುವ ಮನುಷ್ಯ ಮೊದಲು ಬಿಡುವುದೇ ಮೆಣಸಿನಕಾಯಿಯನ್ನು. ರೋಗ ಬಂದದ್ದರಿಂದ ಊಟ ಬದಲಾಗಿರಬಹುದು, ಊಟ ಬದಲಾದ್ದರಿಂದ ರೋಗ ಬಂದಿರಬೇಕೆಂದಿಲ್ಲ. ಒಂದೇ ಸಲ ಕೇಳಿ ಬರೆದುಕೊಂಡ ಲೆಕ್ಕದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಕಾಣುವುದಿಲ್ಲ.

ಆಯಿಯ ತೊಂಬತ್ತು ವರ್ಷದ ಮಾತಿಗೂ ದೊಡ್ಡ ಸಾಕ್ಷಿ ಸಿಕ್ಕಿತು ಎಂದು 2015ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಚೀನಾದಲ್ಲಿ ಸುಮಾರು 4 ಲಕ್ಷ 87 ಸಾವಿರ ಜನರನ್ನು ಕೆಲವು ವರ್ಷ ಹಿಂಬಾಲಿಸಿದ ಅಧ್ಯಯನ ಅದು, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿತ್ತು. ವಾರದಲ್ಲಿ ಆರೇಳು ದಿನ ಖಾರ ತಿನ್ನುವವರಲ್ಲಿ ಸಾವಿನ ಅಪಾಯ, ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಶೇ. 14ರಷ್ಟು ಕಡಿಮೆ. ತಲೆಬರಹಕ್ಕೆ ಇಷ್ಟು ಸಾಕಾಯಿತು. ಒಳಗಿನ ಅಂಕಿಗಳು ಅಷ್ಟು ಜೋರಾಗಿಲ್ಲ. ವರ್ಷಕ್ಕೆ ಸಾವಿರ ಜನರಲ್ಲಿ ಸತ್ತವರು ಖಾರ ತಿನ್ನದವರಲ್ಲಿ 6.1, ದಿನಾ ತಿನ್ನುವವರಲ್ಲಿ 5.8. ವಯಸ್ಸು, ಬೀಡಿ, ಕುಡಿತ, ಊರು, ಓದು ಎಲ್ಲವನ್ನೂ ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಆ 14 ಬಂದದ್ದು. ಸರಿದೂಗಿಸುವುದು ತಪ್ಪಲ್ಲ, ಮಾಡಲೇಬೇಕು. ಆದರೆ ಪ್ರಶ್ನಾವಳಿಯಲ್ಲಿ ಕೇಳದೇ ಉಳಿದ ಸಂಗತಿಯನ್ನು ಯಾವ ಗಣಿತವೂ ಸರಿದೂಗಿಸಲಾರದು. ಸಂಶೋಧಕರು ಮೊದಲೇ ಕ್ಯಾನ್ಸರ್, ಹೃದಯರೋಗ, ಲಕ್ವ ಇದ್ದವರನ್ನು ಹೊರಗಿಟ್ಟಿದ್ದರು. ಅದು ಅವರ ಎಚ್ಚರ. ಹಾಗಿದ್ದೂ, ಬಾಯಿರುಚಿ ಕೆಟ್ಟು, ಜೀರ್ಣಶಕ್ತಿ ಕುಗ್ಗಿ, ಇನ್ನೂ ಹೆಸರಿಲ್ಲದ ಕಾಯಿಲೆಯಿಂದ ಸಪ್ಪೆ ಊಟಕ್ಕೆ ಇಳಿದವರು ಯಾವ ಗುಂಪಿನಲ್ಲಿ ಎಣಿಕೆಯಾದರು? ಕಾರಣ ಇದೇ ಎಂದು ಹೇಳಲಾಗದು ಎಂಬ ಮಾತನ್ನು ಅವರೇ ಬರೆದಿದ್ದರು. ಪತ್ರಿಕೆಗಳು ಆ ಸಾಲಿನವರೆಗೆ ಓದಲಿಲ್ಲ.

ಕೊಲ್ಹಾಪುರದ ಕುಸ್ತಿಯ ಕತೆ ಇದಕ್ಕಿಂತ ಸರಳ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಕುಳಿತು ಪೈಲ್ವಾನರ ಮೈಕಟ್ಟು ನೋಡಿದ ಯಾರಿಗಾದರೂ ಹಾಲು, ತುಪ್ಪ, ಬದಾಮಿ ಥಂಡಾಯಿಯ ಮೇಲೆ ಭಕ್ತಿ ಬರುತ್ತದೆ. ಅದೇ ತಾಲೀಮಿಗೆ ಸೇರಿ, ಅದೇ ಥಂಡಾಯಿ ಕುಡಿದು, ಮೊಣಕಾಲು ಮುರಿದುಕೊಂಡೋ ಮೈ ಬಾರದೆಯೋ ಊರಿಗೆ ಮರಳಿದ ಹುಡುಗರು ಮೈದಾನದಲ್ಲಿ ಇರುವುದಿಲ್ಲ. ಗೆದ್ದವರನ್ನು ಮಾತ್ರ ನೋಡಿ ಅವರ ತಾಟಿನಲ್ಲಿ ಏನಿತ್ತು ಎಂದು ಕೇಳಿದರೆ, ಸೋತವರ ತಾಟಿನಲ್ಲೂ ಅದೇ ಇತ್ತು ಎಂಬುದು ಗೊತ್ತಾಗುವುದಿಲ್ಲ. ಇಷ್ಟೇ.

ಬೆಲ್ಲದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ, ಅದರ ಸುತ್ತ ಔಷಧದ ಪ್ರಭಾವಳಿಯೂ ಇದೆ. 'ಸಕ್ಕರಿ ಬಿಟ್ಟು ಬೆಲ್ಲ ಹಿಡದೆ, ಶುಗರ್ ಇಳೀತು' ಎನ್ನುವ ಕಾಕಾನನ್ನು ತುಸು ಮಾತಾಡಿಸಿ. ಅದೇ ತಿಂಗಳು ಡಾಕ್ಟರು ಗುಳಿಗೆ ಶುರು ಮಾಡಿರುತ್ತಾರೆ, ಮಗಳ ಕಾಟಕ್ಕೆ ರಂಕಾಳ ಕೆರೆಯ ಸುತ್ತ ನಡೆಯಲು ಹೊರಟಿರುತ್ತಾರೆ, ಸಂಜೆಯ ಎರಡನೇ ಚಹಾ ನಿಂತಿರುತ್ತದೆ. ನಾಲ್ಕು ಬದಲಾವಣೆ, ಹೆಸರು ಮಾತ್ರ ಬೆಲ್ಲಕ್ಕೆ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 350 ಕ್ಯಾಲೊರಿ ಇದೆ, ಹೆಚ್ಚಿನ ಭಾಗ ಸಕ್ಕರೆಯೇ. ಬಸುರಿಯರಿಗೆ ರಕ್ತ ಹೆಚ್ಚಲೆಂದು ಕೊಡುವ ಶೇಂಗಾ-ಬೆಲ್ಲದ ಉಂಡೆಯದೂ ಇದೇ ಕತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ಬೆಲ್ಲದಲ್ಲಿ ಕಬ್ಬಿಣದ ಅಂಶ ಐದು ಮಿಲಿಗ್ರಾಮಿಗಿಂತ ಕಡಿಮೆ. ಒಂದು ಸಣ್ಣ ಹೆಂಟೆಯಲ್ಲಿ ಅರ್ಧ ಮಿಲಿಗ್ರಾಂ ಎನ್ನೋಣ. ಅದೇ ಹೆಣ್ಣುಮಗಳಿಗೆ ಸರಕಾರಿ ದವಾಖಾನೆಯಿಂದ ಬರುವ ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿದಾಗ ಮನೆಯವರು ಉಂಡೆಯನ್ನು ಹೊಗಳುತ್ತಾರೆ. ಉಂಡೆ ರುಚಿಯಾಗಿರುತ್ತದೆ, ಗುಳಿಗೆ ಹೊಟ್ಟೆ ತೊಳೆಸುತ್ತದೆ. ಹೊಗಳಿಕೆ ಎತ್ತ ಹೋಗುತ್ತದೆ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ.

ಇವೆಲ್ಲ ಮನೆಮಟ್ಟಿನ ತಪ್ಪುಗಳು, ಪ್ರಾಣಕ್ಕೆ ಬರುವಂಥವಲ್ಲ. ಕಾಮಣಿಯ ವಿಷಯ ಹಾಗಲ್ಲ.

2012ರಲ್ಲಿ ಕೊಲ್ಹಾಪುರದ ಹತ್ತಿರದ ಇಚಲಕರಂಜಿಯಲ್ಲಿ ಕಾಮಣಿ ಹಬ್ಬಿತು. ಮರಾಠಿಯವರು ಕಾವೀಳ ಎಂದರು, ರಬಕವಿ-ಬನಹಟ್ಟಿ ಕಡೆಯ ನಂಟಿರುವ ನೇಕಾರರು ಕಾಮಣಿ ಎಂದರು. ಪವರ್‌ಲೂಮಿನ ಗಲ್ಲಿಗಳಲ್ಲಿ ಹಳದಿ ಕಣ್ಣಿನವರು ಮನೆಮನೆಗೂ ಕಂಡರು, ಸಾವುಗಳೂ ಆದವು. ನೀರಿನ ಮೂಲಕ ಹರಡುವ ಹೆಪಟೈಟಿಸ್ ಇ ವೈರಾಣುವಿನ ಕಾಮಾಲೆ ಅದು. ಅಂಥ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಗಾವಠಿ ಔಷಧಿ ಕೊಡುವವರ ಅಂಗಳದಲ್ಲಿ ನಸುಕಿನಿಂದಲೇ ಸಾಲು ನಿಲ್ಲುತ್ತದೆ. ಔಡಲ ಎಲೆಯ ರಸ, ನೆಲನೆಲ್ಲಿಯ ರಸ, ಕೊರಳಿಗೆ ಬೇರಿನ ಮಾಲೆ, ಎಣ್ಣೆ-ಅರಿಷಿಣ-ಉಪ್ಪು ಬಿಟ್ಟ ಪಥ್ಯ, ಮೇಲೆ ಕಬ್ಬಿನ ಹಾಲು. ಕೆಲವೆಡೆ ಕೈ ತೊಳೆಸುವ ಪದ್ಧತಿಯೂ ಇದೆ: ರೋಗಿಯ ಕೈಗೆ ಏನೋ ಸವರಿ, ಸುಣ್ಣದ ತಿಳಿನೀರಿನಲ್ಲಿ ತೊಳೆದರೆ ತಟ್ಟೆಯ ನೀರು ಕಣ್ಣೆದುರೇ ಹಳದಿಗೆ ತಿರುಗುತ್ತದೆ. ಕಾಮಣಿ ಇಳಿದುಬಂತು ಎಂದು ಸುತ್ತ ನಿಂತವರು ಕೈಮುಗಿಯುತ್ತಾರೆ.

ಮಾವಿನ ತೊಗಟೆಯ ಒಳರಸಕ್ಕೆ ಸುಣ್ಣದ ನೀರು ಸೇರಿದರೂ ಅದೇ ಹಳದಿ ಬರುತ್ತದೆ, ಕಾಮಣಿ ಬೇಕಿಲ್ಲ. ಆದರೆ ಇದನ್ನು ಬಯಲು ಮಾಡಲು ರಸಾಯನಶಾಸ್ತ್ರವೇ ಬೇಕೆಂದಿಲ್ಲ. ಸಾಲಿನಲ್ಲಿ ರೋಗಿಯ ಜತೆ ಬಂದಿರುವ ಗಟ್ಟಿಮುಟ್ಟು ಅಳಿಯನ ಕೈಗೂ ಅದನ್ನೇ ಸವರಿ, ಅದೇ ನೀರಿನಲ್ಲಿ ತೊಳೆಸಬೇಕು, ಅಷ್ಟೇ. ಆ ನೀರೂ ಹಳದಿಯಾದರೆ ಮಾತು ಮುಗಿಯಿತು. ಇಡೀ ವೈದ್ಯಕೀಯ ಸಂಶೋಧನೆಯ ಬೆನ್ನೆಲುಬು ಈ ಅಳಿಯನ ಕೈ. ನೂರಾರು ವರ್ಷ ಯಾರಿಗೂ ಅದನ್ನು ತೊಳೆಸಬೇಕು ಎನಿಸದೇ ಇದ್ದದ್ದೇ ಆಶ್ಚರ್ಯ.

ಔಷಧಿಯ ಮಾತಿಗೆ ಬರೋಣ. 'ಮೂರು ಡೋಸ್ ತಗೊಂಡೆ, ಹದಿನೈದು ದಿನದಾಗ ಆರಾಮ ಆತು.' ಆರಾಮ ಆದದ್ದು ನಿಜ, ಅನುಮಾನವೇ ಬೇಡ. ಹೆಪಟೈಟಿಸ್ ಇ ಬಹುತೇಕ ಜನರಲ್ಲಿ ಎರಡರಿಂದ ಆರು ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಜನ ನಾಟಿ ಮದ್ದಿಗೆ ಹೋಗುವುದು ಮೊದಲ ದಿನವಲ್ಲ. ಜ್ವರ, ವಾಂತಿ, ಊಟ ಸೇರದ ಸಂಕಟ, ಎಲ್ಲ ಕಳೆದು ಕಣ್ಣು ಪೂರ್ತಿ ಹಳದಿಯಾದ ಮೇಲೆ. ಅಂದರೆ ರೋಗ ಗುಡ್ಡದ ತುದಿ ಮುಟ್ಟಿದಾಗ. ಅಲ್ಲಿಂದ ಮುಂದೆ ಹೆಚ್ಚಿನವರಿಗೆ ಇಳಿಜಾರೇ. ಆ ಹೊತ್ತಿಗೆ ಯಾವ ರಸ ಕುಡಿಸಿದರೂ ಕೀರ್ತಿ ಅದಕ್ಕೇ.

ಇದಕ್ಕೆ ಇನ್ನೊಂದು ಸೋಸುವಿಕೆ ಸೇರುತ್ತದೆ. ಮದ್ದು ಕುಡಿದವರಲ್ಲಿ ಯಾರಿಗೆ ಇಳಿಯಲಿಲ್ಲವೋ, ಯಾರಿಗೆ ಬುದ್ಧಿ ಮಂಕಾಗಿ ಮಾತು ತೊದಲತೊಡಗಿತೋ, ಅವರನ್ನು ಮನೆಯವರು ಗಾಡಿ ಮಾಡಿಕೊಂಡು ಕೊಲ್ಹಾಪುರದ ದೊಡ್ಡ ದವಾಖಾನೆಗೆ ಒಯ್ಯುತ್ತಾರೆ. ಕೆಲವರು ಅಲ್ಲಿ ತೀರಿಕೊಳ್ಳುತ್ತಾರೆ. ಸಾವು ದವಾಖಾನೆಯ ದಫ್ತರಿನಲ್ಲಿ, ಗುಣವಾದವರು ಮದ್ದಿನವರ ಅಂಗಳದಲ್ಲಿ. ನಲ್ಲಿಯ ಹತ್ತಿರ ನಿಂತ ಹಿರಿಯಕ್ಕ ಪಕ್ಕದ ಮನೆಯವಳಿಗೆ ಹೇಳುತ್ತಾಳೆ: 'ದವಾಖಾನಿಗೆ ಒಯ್ಯಬ್ಯಾಡವ್ವಾ, ಒಯ್ದವರು ಎಷ್ಟ ಮಂದಿ ತಿರುಗಿ ಬಂದಾರ ನೋಡು. ಔಷಧ ಕುಡದವರು ಎಲ್ಲಾರೂ ಅಡ್ಡ್ಯಾಡಾಕತ್ತಾರ.' ಅವಳು ಸುಳ್ಳು ಹೇಳುತ್ತಿಲ್ಲ. ಅವಳು ಕಂಡದ್ದು ಅಷ್ಟೇ. ಆದರೆ ಎರಡೂ ಕಡೆ ಹೋದವರು ಒಂದೇ ತರಹದ ರೋಗಿಗಳಾಗಿರಲಿಲ್ಲ.

ಪಥ್ಯದ ಹಿಂದೆಯೂ ಒಂದು ತರ್ಕ ಅಡಗಿದೆ: ಹಳದಿ ರೋಗಕ್ಕೆ ಹಳದಿ ಪದಾರ್ಥ ಆಗದು. ಕಣ್ಣಿಗೆ ಹಳದಿ ಕೊಡುವುದು ಬಿಲಿರುಬಿನ್, ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ವಸ್ತು. ಯಕೃತ್ತು ಬಳಲಿದಾಗ ಅದು ಹೊರಗೆ ಹೋಗದೆ ಮೈಯಲ್ಲಿ ಉಳಿಯುತ್ತದೆ. ಸಾರಿನ ಅರಿಷಿಣಕ್ಕೂ ಅದಕ್ಕೂ ಬಣ್ಣ ಒಂದೇ ಎಂಬುದು ಬಿಟ್ಟರೆ ನಂಟಿಲ್ಲ. ಕಬ್ಬಿನ ಹಾಲಿನ ಬಗ್ಗೆ ನನ್ನದು ಅಷ್ಟು ಕಟ್ಟುನಿಟ್ಟಿನ ಮಾತಲ್ಲ. ಏನೂ ಸೇರದ ಮನುಷ್ಯನಿಗೆ ನೀರು, ಸಕ್ಕರೆ ಎರಡೂ ಸಿಕ್ಕವು, ಒಳ್ಳೆಯದೇ. ಆದರೆ ನೀರಿನ ರೋಗ ಹಬ್ಬಿರುವ ಊರಿನಲ್ಲಿ, ಆ ಗಾಡಿಯವನು ಹಾಕುವ ಬರ್ಫ ಯಾವ ನೀರಿನದು ಎಂದು ಕೇಳುವವರು ಯಾರೂ ಇಲ್ಲ.

ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲೂ ಇದೇ ಗೊಂದಲ. ಕಾಮಣಿ ಆದ ಕೂಡಲೇ ಮನೆಯವರು ಹಿಂದಿನ ವಾರದ ಊಟವನ್ನು ತಡಕಾಡುತ್ತಾರೆ: ಮದುವೆಯ ಬಾಸುಂದಿ, ಸ್ಟ್ಯಾಂಡಿನ ಹತ್ತಿರದ ಮಿಸಳ್, ಮೊನ್ನೆಯ ಗೋಲಾ. ಈ ವೈರಾಣು ಮೈ ಹೊಕ್ಕ ಮೇಲೆ ರೋಗ ಕಾಣಿಸಲು ಎರಡರಿಂದ ಹತ್ತು ವಾರ ಬೇಕು, ಸಾಮಾನ್ಯವಾಗಿ ಐದಾರು ವಾರ. ಹಿಂದಿನ ವಾರದ ಮಿಸಳ್ ಪಾಪ ನಿರಪರಾಧಿ. ದಿಲ್ಲಿಯಲ್ಲಿ 1955ರ ನವೆಂಬರಿನಲ್ಲಿ ಯಮುನೆಯ ಪಾತ್ರ ಸರಿದು, ಚರಂಡಿಯ ನೀರು ಊರಿಗೆ ಕುಡಿಯುವ ನೀರೆತ್ತುವ ವಜೀರಾಬಾದಿನ ಪಂಪಿನತ್ತ ನುಗ್ಗಿತು. ಕಾಮಾಲೆ ಎದ್ದದ್ದು ಡಿಸೆಂಬರ್-ಜನವರಿಯಲ್ಲಿ, ರೋಗಿಗಳು ಸುಮಾರು 29 ಸಾವಿರ. ಈ ಅಂತರವನ್ನು ಲೆಕ್ಕ ಹಾಕಿಯೇ ತನಿಖೆದಾರರು ಪಂಪನ್ನು ಹಿಡಿದದ್ದು. ಆ ರೋಗಿಗಳ ಕಾಪಿಟ್ಟ ರಕ್ತದ ಮಾದರಿಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ ಅದು ಹೆಪಟೈಟಿಸ್ ಎ ಅಲ್ಲ, ಇ ಎಂದು ತಿಳಿಯಿತು.

ಇಚಲಕರಂಜಿಯವರು ಮಿಸಳ್ ಬಿಟ್ಟು ಪಂಚಗಂಗೆಯತ್ತ ಬೆರಳು ತೋರಿಸಿದರು, ಅದು ಸರಿಯಾದ ದಿಕ್ಕು. ಆದರೆ ಬೆರಳು ನಿಂತದ್ದು ನದಿಯ ಬಣ್ಣದ ಮೇಲೆ. ಬಟ್ಟೆಗೆ ಬಣ್ಣ ಹಾಕುವ ಪ್ರೊಸೆಸ್ ಕಾರಖಾನೆಗಳ ರಂಗಿನ ನೀರು ಕಣ್ಣಿಗೆ ಹೊಡೆಯುತ್ತದೆ, ಮೂಗಿಗೂ. ಬಣ್ಣದ ನೀರು ಕುಡಿದು ಕಣ್ಣಿಗೆ ಬಣ್ಣ ಬಂತು ಎನ್ನುವುದು ಮತ್ತೆ ಅರಿಷಿಣದ ತರ್ಕವೇ. ಆ ರಾಸಾಯನಿಕದಿಂದ ಮೀನು ಸಾಯಬಹುದು, ಹೊಲ ಕೆಡಬಹುದು, ಅದರ ಮೇಲಿನ ಸಿಟ್ಟು ನ್ಯಾಯವಾದದ್ದೇ. ಹೆಪಟೈಟಿಸ್ ಇ ಮಾತ್ರ ಅದರಿಂದ ಬರುವುದಿಲ್ಲ, ಬರುವುದು ಮನುಷ್ಯರ ಮಲ ಸೇರಿದ ನೀರಿನಿಂದ. ಮೇಲ್ದಂಡೆಯ ಕೊಲ್ಹಾಪುರದ ಜಯಂತಿ ನಾಲಾದಿಂದ ಹಿಡಿದು ಗಲ್ಲಿಯ ಗಟಾರದೊಳಗೆ ಹಾದುಹೋಗುವ ಸೋರುವ ಪೈಪಿನವರೆಗೆ ಅದಕ್ಕೆ ದಾರಿ ಬೇಕಾದಷ್ಟು. ಕಾರಣವನ್ನು ತಪ್ಪಾಗಿ ಹೆಸರಿಸಿದರೆ ಕಾರಖಾನೆಗೆ ಬೀಗ ಬೀಳುತ್ತದೆ, ಪೈಪು ಸೋರುತ್ತಲೇ ಇರುತ್ತದೆ. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಜನ ಕಾಯಿಸದೇ ಕುಡಿಯುತ್ತಾರೆ.

ಒಂದೇ ಊರಿಗೆ ಎರಡು ಕಡೆಯ ನೀರು ಬರುತ್ತಿದ್ದರೆ ತನಿಖೆಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. 1854ರ ಲಂಡನ್ನಿನ ಕಾಲರಾದಲ್ಲಿ ಜಾನ್ ಸ್ನೋ ಮಾಡಿದ್ದು ಅದನ್ನೇ. ಒಂದೇ ಓಣಿಯ ಮನೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಒಂದು ಊರಿನ ಕೊಳಚೆ ಸೇರಿದ ಥೇಮ್ಸ್ ನದಿಯದು, ಇನ್ನೊಂದು ಮೇಲ್ದಂಡೆಯದು. ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಮೊದಲಿನದರಲ್ಲಿ 315 ಸಾವು, ಎರಡನೆಯದರಲ್ಲಿ 37. ಓಣಿ ಅದೇ, ಗಾಳಿ ಅದೇ, ಬಡತನ ಅದೇ, ಊಟವೂ ಹೆಚ್ಚುಕಡಿಮೆ ಅದೇ. ಬೇರೆಯಾದದ್ದು ನೀರು ಮಾತ್ರ. ಕಾಲರಾದ ರೋಗಾಣು ಅವನಿಗೆ ಕಂಡಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.

ಕಾಮಣಿಯ ಮದ್ದಿನಿಂದ ಏನು ನಷ್ಟ, ಹೇಗೂ ಗುಣವಾಗುತ್ತಾರಲ್ಲ ಎಂದು ಕೇಳುವವರಿದ್ದಾರೆ. ಬಸುರಿಯರನ್ನು ಬಿಟ್ಟು ಕೇಳಬೇಕು. ಏಳು ತಿಂಗಳು ದಾಟಿದ ಬಸುರಿಗೆ ಹೆಪಟೈಟಿಸ್ ಇ ಬಂದರೆ ನಾಲ್ಕೈದು ಮಂದಿಯಲ್ಲಿ ಒಬ್ಬಳು ಸಾಯುವಷ್ಟು ಅದು ಉಗ್ರವಾಗಬಹುದು. ಅವಳನ್ನು ಹದಿನೈದು ದಿನ ಎಣ್ಣೆ-ಉಪ್ಪು ಬಿಡಿಸಿ, ಎಲೆಯ ರಸ ಕುಡಿಸಿ ಕಾಯುತ್ತ ಕೂರುವುದಕ್ಕೆ, ಪಕ್ಕದ ಮನೆಯ ಗಟ್ಟಿ ತರುಣ ಅದೇ ರಸದಿಂದ ಎದ್ದು ಕುಳಿತ ಎಂಬ ಸಾಕ್ಷಿ ಸಾಲದು.

ಹೆಪಟೈಟಿಸ್ ಇ ತಡೆಯುವ ಲಸಿಕೆಯೊಂದನ್ನು ಚೀನಾದ ಜಿಯಾಂಗ್ಸು ಪ್ರಾಂತದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಆ ಲಸಿಕೆ, ಇನ್ನೊಂದಕ್ಕೆ ಹೆಪಟೈಟಿಸ್ ಬಿ ಲಸಿಕೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು, ಚುಚ್ಚಿಸಿಕೊಂಡವರಿಗೂ ಗೊತ್ತಿರಲಿಲ್ಲ. ಮೂರೂ ಚುಚ್ಚುಮದ್ದು ಪೂರ್ತಿ ಪಡೆದವರು ಒಂದೊಂದು ಗುಂಪಿನಲ್ಲಿ 48 ಸಾವಿರಕ್ಕೂ ಹೆಚ್ಚು. ಮುಂದಿನ ಒಂದು ವರ್ಷದಲ್ಲಿ ಲಸಿಕೆಯ ಗುಂಪಿನಲ್ಲಿ ಹೆಪಟೈಟಿಸ್ ಇ ಬಂದವರು ಸೊನ್ನೆ. ಇನ್ನೊಂದು ಗುಂಪಿನ 48,663 ಜನರಲ್ಲಿ 15. ಆ ಎರಡನೇ ಗುಂಪಿಗೆ ಇಚಲಕರಂಜಿಯ ಯಾವುದಾದರೂ ಅಂಗಳದ ರಸ ಕುಡಿಸಿ, ಹೋಲಿಸಲು ಬೇರೆ ಗುಂಪೇ ಇಲ್ಲದಂತೆ ಮಾಡಿದ್ದರೆ, ವರ್ಷದ ಕೊನೆಗೆ 48,648 ಮಂದಿ ಆ ರಸದ ಪರವಾಗಿ ಪ್ರಾಮಾಣಿಕವಾಗಿ ಸಾಕ್ಷಿ ಹೇಳುತ್ತಿದ್ದರು.